ಕುರ್ಚಿ ಕೆಲಸದ ಸೈನಿಕ ಮತ್ತು ಮೂರು ವಾರದ ತಯಾರಿ

(ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಲಾಗಿದೆ.)

ಈ ಸೈನಿಕರು ನನ್ನ ಬಳಿ ಸಲಹೆಗೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ವಯಸ್ಸು 41. ಹಿಂದೆ ಕಾಲಾಳು ಪಡೆಯಲ್ಲಿದ್ದವರು, 4 ವರ್ಷದಿಂದ ಸೇನೆಯದೇ ದಾಸ್ತಾನು ಲೆಕ್ಕದ ಕಚೇರಿಯಲ್ಲಿದ್ದಾರೆ. ಮಾತು ಮುಂದುವರಿದಂತೆ ಅಸಲು ಚಿಂತೆ ಹೊರಬಿತ್ತು: 12 ವಾರದಲ್ಲಿ ದೈಹಿಕ ಪರೀಕ್ಷೆ. ಹಿಂದಿನ ಸಲ 2.4 ಕಿ.ಮೀ. ಓಟಕ್ಕೆ 14 ನಿಮಿಷ 24 ಸೆಕೆಂಡ್ ಹಿಡಿದಿತ್ತು. ಅವರಿಗಿರುವ ಮಿತಿ 13 ನಿಮಿಷ. “ಹುಡುಗರ ಮುಂದೆ ಏದುಸಿರು ಬಿಡೋದಕ್ಕಿಂತ ರಜೆ ಹಾಕೋದೇ ವಾಸಿ ಅನ್ಸುತ್ತೆ ಮೇಡಂ” ಎಂದರು.

ಹಿಂದಿನ ಸಲ ಆದದ್ದು ಹೀಗೆ: ವರ್ಷವಿಡೀ ವ್ಯಾಯಾಮವಿಲ್ಲ. ಪರೀಕ್ಷೆಗೆ 3 ವಾರ ಇರುವಾಗ ದಿನಾ 5 ಕಿ.ಮೀ. ಓಟ, ರಾತ್ರಿ ಊಟ ಬಂದ್. ಎರಡನೇ ವಾರಕ್ಕೆ ಮೊಣಕಾಲಿನ ಕೆಳಗೆ ಮೂಳೆಯ ಒಳಬದಿ ನೋವು. ಮಾತ್ರೆ ನುಂಗಿ ಮತ್ತೆ ಓಟ. ಉಸಿರಿನ ಸಾಮರ್ಥ್ಯ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ, ಮೂಳೆ ಮತ್ತು ಸ್ನಾಯುಕಟ್ಟು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹಳೇ ಸೈನಿಕರು ಪೆಟ್ಟು ತಿನ್ನುವುದು ಇಲ್ಲೇ: ಇಪ್ಪತ್ತೈದರ ವೇಗ ಮನಸ್ಸಿಗೆ ನೆನಪಿದೆ, ಕಾಲಿಗೆ ಮರೆತಿದೆ.

ಮೊದಲ ಸಲಹೆ, ಓಡುವ ಮುನ್ನ ವೈದ್ಯರಲ್ಲಿ ರಕ್ತದೊತ್ತಡ, ಸಕ್ಕರೆ, ಹೃದಯದ ತಪಾಸಣೆ. ಎದೆ ಬಿಗಿತ, ತಲೆಸುತ್ತು ಇದ್ದರೆ ಮುಚ್ಚಿಡಬಾರದು. ವೈದ್ಯಕೀಯ ದರ್ಜೆ (ಸೇನೆಯ ಕೆಲಸಕ್ಕೆ ದೇಹ ಎಷ್ಟು ಯೋಗ್ಯ ಎಂಬ ಶ್ರೇಣಿ) ಇಳಿದೀತೆಂದು ಹೆದರಿದ್ದರು. ಒಂದಿಡೀ ಭೇಟಿ ಅದಕ್ಕೇ ಹೋಯಿತು.

ಓಟ ವಾರಕ್ಕೆ 3 ದಿನ, ಬಿಟ್ಟು ಬಿಟ್ಟು. 1ರಿಂದ 3ನೇ ವಾರ: 5 ನಿಮಿಷ ಬಿರುಸು ನಡಿಗೆ, ಆಮೇಲೆ 2 ನಿಮಿಷ ನಿಧಾನ ಓಟ, 1 ನಿಮಿಷ ನಡಿಗೆ, ಹೀಗೆ 8 ಸಲ. ಓಡುತ್ತಲೇ ಒಂದು ಪೂರ್ತಿ ವಾಕ್ಯ ಆಡಲು ಬರಬೇಕು. ಬರದಿದ್ದರೆ ವೇಗ ಹೆಚ್ಚಾಯಿತು. 6ನೇ ವಾರಕ್ಕೆ ನಡಿಗೆಯಿಲ್ಲದೆ 25 ನಿಮಿಷ. 7ನೇ ವಾರದಿಂದ ಒಂದು ದಿನ ಮಾತ್ರ ವೇಗದ ಓಟ: 400 ಮೀಟರ್ 2 ನಿಮಿಷ 10 ಸೆಕೆಂಡಿಗೆ, ನಡುವೆ 2 ನಿಮಿಷ ನಡಿಗೆ. 13 ನಿಮಿಷಕ್ಕೆ ಇಂಥ 6 ಸುತ್ತು (2.4 ಕಿ.ಮೀ.) ಎಂದರೆ ಇದೇ ವೇಗ. 4 ಸುತ್ತಿನಿಂದ ಆರಂಭಿಸಿ 6ಕ್ಕೆ ಏರಿಸಬೇಕು. ಮೊದಲ ಸುತ್ತನ್ನೇ 1 ನಿಮಿಷ 50 ಸೆಕೆಂಡಿಗೆ ಮುಗಿಸುವ ಚಪಲ ಇವರಿಗಿತ್ತು. ಕೊನೆಯ ಎರಡು ಸುತ್ತಿನಲ್ಲಿ ಕಾಲು ಸೋಲುತ್ತಿದ್ದುದು ಅದಕ್ಕೇ. ಪರೀಕ್ಷೆಯ ವಾರ ಓಟ ಅರ್ಧಕ್ಕಿಳಿಯಬೇಕು.

ತುಕಡಿಯ ಬೆಳಗಿನ ಓಟಕ್ಕೆ 6 ವಾರ ಸೇರಬೇಡಿ ಎಂದು ಹೇಳಲಾಯಿತು. ಅಲ್ಲಿ ವೇಗ ಹಿಡಿಯುವವರು ಇಪ್ಪತ್ತರ ಹುಡುಗರು. ಮೇಲಧಿಕಾರಿಯ ಮುಂದೆ ಆಡಬೇಕಾದ ಮಾತನ್ನೂ ಅಭ್ಯಾಸ ಮಾಡಿಸಲಾಯಿತು: “ಸರ್, ವಾರಕ್ಕೆ 3 ದಿನ 40 ನಿಮಿಷ ನನ್ನ ಕೆಲಸದ ಪಟ್ಟಿಯಲ್ಲೇ ಹಾಕಿಕೊಡಿ. ಬಿಡುವಾದಾಗ ಮಾಡ್ತೀನಿ ಅಂದ್ರೆ ಬಿಡುವೇ ಆಗಲ್ಲ.” ಒಪ್ಪಿಗೆ ಸಿಕ್ಕಿತು. ಏಳುವ ಹೊತ್ತು ನಿಗದಿಯಾದ ಮೇಲೆ ನಿದ್ದೆಯೂ ಹಳಿಗೆ ಬಂತು.

ಓಟವಿಲ್ಲದ ದಿನಗಳಲ್ಲಿ 2 ದಿನ ಬಸ್ಕಿ 12, ಮೇಜಿಗೆ ಕೈಯೂರಿ ದಂಡ 10, ಮಲಗಿ ಸೊಂಟ ಎತ್ತುವುದು 12, ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿಳಿಸುವುದು 15. ಒಟ್ಟು 3 ಸುತ್ತು. ಕ್ಷುಲ್ಲಕವೆಂದು ಕೊನೆಯದನ್ನು ಬಿಡುವವರುಂಟು, ಬಿಡಬಾರದು. ಕಚೇರಿಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು 2 ನಿಮಿಷ ಓಡಾಟ. ರಾತ್ರಿ ಊಟ ತಪ್ಪಿಸುವಂತಿಲ್ಲ. ಹಸಿದ ಮೈ ಮರುದಿನಕ್ಕೆ ಚೇತರಿಸಿಕೊಳ್ಳುವುದಿಲ್ಲ.

ನೋವು ಮರಳಿದರೆ ಮಾತ್ರೆ ನುಂಗಿ ಓಡುವುದು ಬೇಡ. ಮೂಳೆಯ ಉದ್ದಕ್ಕೂ ಹರಡಿದ ನೋವಾದರೆ ಕೆಲವು ದಿನ ಓಟ ಬಿಟ್ಟು ಸೈಕಲ್ ತುಳಿಯಬಹುದು. ಒಂದೇ ಕಡೆ ಬೆರಳಿಟ್ಟು ತೋರಿಸುವಂಥ ನೋವು, ಮಲಗಿದಾಗಲೂ ಕಾಡುವ ನೋವು ಮೂಳೆ ಬಿರುಕಿನ ಸೂಚನೆಯಿರಬಹುದು. ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಇಂಥ ಬಿರುಕು ಆರಂಭದ ಎಕ್ಸ್‌ರೇಯಲ್ಲಿ ಕಾಣದೆಯೂ ಇರುತ್ತದೆ. ಚಿತ್ರ ಸರಿಯಿದೆಯೆಂದು ಮರುದಿನವೇ ಮೈದಾನಕ್ಕೆ ಇಳಿಯಬಾರದು.