ಮಿಲ್ ಮುಚ್ಚಿ ಎಷ್ಟೋ ವರ್ಷ, ಈಗ ಎದೆಯಲ್ಲಿ ನೀರು

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಪ್ಪಾಜಿಗೆ 69 ವರ್ಷ. ಹಿಂದೆ ಇಲ್ಲೇ ಒಂದು ಹತ್ತಿ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಫಿಟ್ಟರ್ ಆಗಿದ್ದರು. ಸ್ಟೀಮ್ ಪೈಪಿಗೆ ಆಸ್ಬೆಸ್ಟಸ್ ಹಗ್ಗ ಸುತ್ತೋದು, ಹಳೇದನ್ನು ಕೀಳೋದು ಅವರ ಕೆಲಸ. ಮಿಲ್ ಮುಚ್ಚಿ ಮೂವತ್ತು ವರ್ಷದ ಹತ್ತಿರ ಆಯಿತು. ಈಗ ಕೆಲವು ತಿಂಗಳಿಂದ ಏದುಸಿರು, ಬಲಪಕ್ಕೆಯಲ್ಲಿ ನೋವು. ಎದೆಯಿಂದ ಎರಡು ಸಲ ನೀರು ತೆಗೆದರು, ಮತ್ತೆ ತುಂಬಿದೆ. ಪರೀಕ್ಷೆಯಲ್ಲಿ ಟಿಬಿ ಕಾಣಲಿಲ್ಲ, ಆದ್ರೂ ಟಿಬಿ ಮಾತ್ರೆ ಕೊಟ್ಟಿದ್ದಾರೆ. ಅಪ್ಪಾಜಿ ಬೀಡಿ ಮುಟ್ಟಿದವರಲ್ಲ. ಅವರ ಬಟ್ಟೆ ಒಗೆಯುತ್ತಿದ್ದ ಅಮ್ಮನಿಗೂ ತೊಂದರೆ ಆಗಬಹುದಾ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಥ ಇದೆ ಅಮ್ಮಾ. ನಮ್ಮೂರಲ್ಲಿ ಮಿಲ್ ಕೆಲಸದವರಿಗೆ ದಮ್ಮು ಬಂದರೆ ಎಲ್ಲರೂ ಹತ್ತಿ ಧೂಳನ್ನೇ ದೂರುತ್ತಾರೆ. ಬಾಯ್ಲರ್ ಮನೆಯವರ ಕಥೆ ಬೇರೆ. ಆಸ್ಬೆಸ್ಟಸ್ಸಿನ ಕಣ್ಣಿಗೆ ಕಾಣದ ಎಳೆಗಳು ಉಸಿರಿನ ಜೊತೆ ಒಳಗೆ ಹೋಗಿ ಅಲ್ಲೇ ಉಳಿಯುತ್ತವೆ, ಶ್ವಾಸಕೋಶದ ಹೊದಿಕೆಯಲ್ಲಿ ಮೀಸೋಥೀಲಿಯೋಮಾ ಅನ್ನೋ ಕ್ಯಾನ್ಸರ್ ಹುಟ್ಟಿಸಬಹುದು, ಅದೂ 20ರಿಂದ 50 ವರ್ಷ ಕಳೆದ ಮೇಲೆ. ಬೀಡಿ ಸೇದದವರಿಗೂ ಬರುತ್ತದೆ.

ಏದುಸಿರು, ಒಂದೇ ಪಕ್ಕದಲ್ಲಿ ಬಿಡದ ನೋವು, ಒಣ ಕೆಮ್ಮು, ಸುಸ್ತು, ಕಾರಣವಿಲ್ಲದೆ ತೂಕ ಇಳಿಯೋದು ಇದರ ಲಕ್ಷಣ. ಅಪರೂಪಕ್ಕೆ ಹೊಟ್ಟೆಯ ಹೊದಿಕೆಗೂ ಬರುತ್ತದೆ, ಆಗ ಹೊಟ್ಟೆ ಉಬ್ಬುತ್ತದೆ. ಆದರೆ ನನಗೆ ಜಾಸ್ತಿ ಆತಂಕ ಆಗಿದ್ದು ನೀರು ಮತ್ತೆ ಮತ್ತೆ ತುಂಬುತ್ತಿರುವುದರಿಂದ. ನಮ್ಮಲ್ಲಿ ಎದೆನೀರಿಗೆ ಟಿಬಿಯೇ ದೊಡ್ಡ ಕಾರಣ, ಹಾಗಾಗಿ ಮೊದಲು ಅದನ್ನೇ ಯೋಚಿಸಿದ್ದು ತಪ್ಪಲ್ಲ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ಅಷ್ಟಕ್ಕೇ ಸುಮ್ನೆ ಕೂರಬೇಡಿ.

ಈ ವಾರವೇ ಡಾಕ್ಟರ ಮುಂದೆ ಕೂತು, ಅಪ್ಪಾಜಿ ಯಾವ ಕೆಲಸ ಮಾಡುತ್ತಿದ್ದರು, ಎಷ್ಟು ವರ್ಷ ಮಾಡಿದರು ಅಂತ ಬಿಡಿಸಿ ಹೇಳಿ. ಅವರು ಕೇಳದಿದ್ದರೂ ಹೇಳಿ. ನಿವೃತ್ತ ಅಂತ ಚೀಟಿಯಲ್ಲಿ ಬರೆದುಬಿಟ್ಟರೆ ಆಸ್ಬೆಸ್ಟಸ್ ಯಾರ ತಲೆಗೂ ಹೊಳೆಯುವುದಿಲ್ಲ. ಎದೆಯ ಸಿಟಿ ಸ್ಕ್ಯಾನ್ ಆಗಬೇಕು. ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ ಅಂದರೂ ಇಲ್ಲ ಅಂತ ಅಲ್ಲ, ಈ ಕಾಯಿಲೆ ನೀರಿನಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ. ಹೊದಿಕೆಯ ಚೂರು ತೆಗೆದು ಬಯಾಪ್ಸಿ ಮಾಡಿದರೇ ಖಚಿತ. ಇಲ್ಲಿ ಆಗದಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆಸಿಕೊಳ್ಳಿ. ಕಾಯಿಲೆ ಕಷ್ಟದ್ದೇ, ಮುಚ್ಚಿಡುವುದಿಲ್ಲ. ಆದರೆ ಬೇಗ ಗೊತ್ತಾದರೆ ಚಿಕಿತ್ಸೆಗೆ ದಾರಿಗಳು ಜಾಸ್ತಿ, ನೀರು ಪದೇ ಪದೇ ತುಂಬದಂತೆ ತಡೆಯುವ ಉಪಾಯವೂ ಇದೆ.

ಬಟ್ಟೆ ಕೊಡವಿ ಒಗೆದ ಹೆಂಗಸರಿಗೂ ಈ ಕಾಯಿಲೆ ಬಂದದ್ದುಂಟು. ಎಲ್ಲರಿಗೂ ಬರುವುದಿಲ್ಲ, ಅಮ್ಮನನ್ನು ಹೆದರಿಸಬೇಡಿ. ಉಬ್ಬಸವೋ ಪಕ್ಕೆನೋವೋ ಕಂಡರೆ ವಯಸ್ಸಾಯಿತು ಅಂತ ಬಿಡದೆ ಎಕ್ಸ್‌ರೇ ತೆಗೆಸಿ, ಬಟ್ಟೆಯ ವಿಷಯವನ್ನೂ ಡಾಕ್ಟರಿಗೆ ಹೇಳಿ.

ಅಪ್ಪಾಜಿಯ ಹಳೇ ಪಿಎಫ್ ಚೀಟಿ, ಇಎಸ್‌ಐ ಕಾರ್ಡು, ಮಿಲ್ಲಿನ ಪಾಸು ಏನಿದ್ದರೂ ಹುಡುಕಿ ತೆಗೆದಿಡಿ. ಆಸ್ಬೆಸ್ಟಸ್ಸಿಂದ ಬರುವ ಈ ಕ್ಯಾನ್ಸರ್ ಕಾನೂನಿನ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿದೆ. ಬಯಾಪ್ಸಿ ವರದಿ ಬಂದ ಮೇಲೆ ಪರಿಹಾರದ ಬಗ್ಗೆ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.