ವಾರ್ತಾ ಇಲಾಖೆಯಲ್ಲಿ ಇಂಟರ್ನ್‌ಶಿಪ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎಂ.ಎ. ಪತ್ರಿಕೋದ್ಯಮ ಓದುತ್ತಿದ್ದೇನೆ. ಜಿಲ್ಲಾ ವಾರ್ತಾ ಕಚೇರಿಯಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದ್ದೇನೆ. ಬೆಳಗಿನಿಂದ ಸಂಜೆವರೆಗೆ ಸಮಾರಂಭಗಳ ಪತ್ರಿಕಾ ಪ್ರಕಟಣೆ ಟೈಪ್ ಮಾಡುವುದೇ ಕೆಲಸ. ಇದರಿಂದ ವರದಿಗಾರಿಕೆ ಬಂದೀತೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬರುವುದಿಲ್ಲ. ಹೆಸರು, ಹುದ್ದೆ, ದಿನಾಂಕ ತಪ್ಪಿಲ್ಲದೆ ಬರೆಯುವ ಶಿಸ್ತು ಮಾತ್ರ ಬರುತ್ತದೆ. ಅದೂ ಈಗ ಸುದ್ದಿಮನೆಗಳಲ್ಲಿ ಅಪರೂಪವೇ ಅನ್ನಿ. ಆ ಕಚೇರಿಯಲ್ಲಿ ಕೂತವರಿಗೆ ಸಿಗುವ ನಿಜವಾದ ಅನುಕೂಲವೆಂದರೆ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ. ತಾಲ್ಲೂಕಿನಲ್ಲಿ ಶಾಸಕರ, ಜಿಲ್ಲೆಯಲ್ಲಿ ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ನಡೆಯುವ ಈ ಪ್ರಗತಿ ಪರಿಶೀಲನಾ ಸಭೆಗೆ ವಾರ್ತಾಧಿಕಾರಿಯವರ ಜೊತೆ ಹೋಗಲು ಕೇಳಿಕೊಳ್ಳಿ. ‘ಅಧಿಕಾರಿಗಳಿಗೆ ಸಚಿವರ ತರಾಟೆ’ ಎಂಬ ಸುದ್ದಿ ಅಲ್ಲಿ ಎಲ್ಲರಿಗೂ ಸಿಗುತ್ತದೆ. ನೀವು ನೋಡಬೇಕಾದದ್ದು ಮೇಜಿನ ಮೇಲಿಟ್ಟ ಪ್ರಗತಿ ವರದಿಯ ಪುಸ್ತಿಕೆಯನ್ನು.

ಅದರಲ್ಲಿ ಪ್ರತಿ ಯೋಜನೆಯ ಎದುರು ಅನುದಾನ, ಬಿಡುಗಡೆ, ವೆಚ್ಚ, ಶೇಕಡಾವಾರು ಪ್ರಗತಿ ಎಂಬ ಕಾಲಂಗಳಿರುತ್ತವೆ. ಒಂದು ಯೋಜನೆಗೆ 10 ಕೋಟಿ ರೂಪಾಯಿ ಅನುದಾನ, ಬಿಡುಗಡೆಯಾದದ್ದು 4 ಕೋಟಿ, ವೆಚ್ಚ 3.8 ಕೋಟಿ ಎಂದಿಟ್ಟುಕೊಳ್ಳಿ. ಬಿಡುಗಡೆಗೆ ಹೋಲಿಸಿ ಲೆಕ್ಕ ಹಾಕಿದರೆ ಪ್ರಗತಿ ಶೇ 95. ಅನುದಾನಕ್ಕೆ ಹೋಲಿಸಿದರೆ ಶೇ 38. ಎರಡೂ ಸುಳ್ಳಲ್ಲ, ಆದರೆ ಪ್ರಕಟಣೆಗೆ ಹೋಗುವುದು ಯಾವುದು ಎಂದು ಊಹಿಸುವುದು ಕಷ್ಟವಲ್ಲ. ಉಳಿದ 6 ಕೋಟಿ ಏಕೆ ಬಂದಿಲ್ಲ ಎಂಬಲ್ಲಿಂದ ನಿಮ್ಮ ವರದಿ ಶುರುವಾಗಬೇಕು. ಹಾಗೆಯೇ ಆರ್ಥಿಕ ಪ್ರಗತಿಯನ್ನೂ ಭೌತಿಕ ಪ್ರಗತಿಯನ್ನೂ ಬೇರೆ ಬೇರೆ ನೋಡಿ. ದುಡ್ಡು ಶೇ 90 ಖರ್ಚಾಗಿ, ಕಟ್ಟಡ ಇನ್ನೂ ತಳಪಾಯದಲ್ಲೇ ಇದ್ದರೆ ಆ ಸಾಲಿಗೆ ಗುರುತು ಹಾಕಿಕೊಂಡು ಸ್ಥಳಕ್ಕೆ ಹೋಗಿ ಬನ್ನಿ.

ಪ್ರಶ್ನೆ: ಸರ್ಕಾರಿ ಆದೇಶಗಳನ್ನು ಓದಲು ಹೊರಟರೆ ತಲೆ ಚಿಟ್ಟು ಹಿಡಿಯುತ್ತದೆ. ಎಲ್ಲಿಂದ ಶುರು ಮಾಡಬೇಕು?
– ಇಂಟರ್ನ್, ಬೆಂಗಳೂರು

ಉತ್ತರ: ಕೆಳಗಿನಿಂದ. ರಾಜ್ಯ ಸರ್ಕಾರದ ಆದೇಶಕ್ಕೆ ಒಂದು ಖಾಯಂ ಅಚ್ಚು ಇದೆ: ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ಶಿರೋನಾಮೆ, ನಂತರ ವಿಷಯ, ಓದಲಾಗಿದೆ, ಪ್ರಸ್ತಾವನೆ, ಕೊನೆಗೆ ಸಂಖ್ಯೆ ಮತ್ತು ದಿನಾಂಕದೊಂದಿಗೆ ಆದೇಶ. ಪ್ರಸ್ತಾವನೆ ಪುಟಗಟ್ಟಲೆ ಇರಬಹುದು, ಆದರೆ ಜಾರಿಗೆ ಬರುವುದು ಆದೇಶದ ಭಾಗ ಮಾತ್ರ. ಪ್ರಸ್ತಾವನೆಯಲ್ಲಿ ಇಲಾಖೆ ಕೇಳಿದ ಮೊತ್ತವನ್ನೇ ‘ಮಂಜೂರು’ ಎಂದು ಬರೆದು ಪೇಚಿಗೆ ಸಿಲುಕುವುದು ಹೊಸಬರ ಮಾಮೂಲಿ ತಪ್ಪು. ‘ಆಡಳಿತಾತ್ಮಕ ಅನುಮೋದನೆ’ ಎಂದಿದ್ದರೂ ಅಷ್ಟೆ: ಕೆಲಸಕ್ಕೆ ಒಪ್ಪಿಗೆ ಸಿಕ್ಕಿದೆ ಎಂದಷ್ಟೇ ಅರ್ಥ, ಹಣ ಬಿಡುಗಡೆಯಾಗಿದೆ ಎಂದಲ್ಲ.

ಯಾರೂ ಓದದ ‘ಓದಲಾಗಿದೆ’ ಭಾಗವೇ ವರದಿಗಾರರಿಗೆ ನಿಧಿ. ಈ ಆದೇಶಕ್ಕೆ ಮುಂಚೆ ಯಾವ ಅಧಿಕಾರಿ, ಯಾವ ಸಂಖ್ಯೆಯ ಪತ್ರ, ಯಾವ ದಿನಾಂಕದಂದು ಬರೆದಿದ್ದರು ಎಂಬುದೆಲ್ಲ ಅಲ್ಲಿರುತ್ತದೆ. ಮೊದಲ ಪತ್ರಕ್ಕೂ ಆದೇಶಕ್ಕೂ ನಡುವೆ ಎರಡು ವರ್ಷ ಕಳೆದಿದ್ದರೆ ವಿಳಂಬದ ಕಥೆ ಅಲ್ಲೇ ಸಿಕ್ಕಿತು.

ಪ್ರಶ್ನೆ: ಇಂಟರ್ನ್‌ಶಿಪ್ ವೇಳೆ ಕಂಡ ಕಡತದ ಫೋಟೊ ತೆಗೆದು ಪತ್ರಿಕೆಯ ಗೆಳೆಯರಿಗೆ ಕೊಡಬಹುದೆ?
– ಹೆಸರು ಬೇಡ

ಉತ್ತರ: ಬೇಡ. ಕಚೇರಿ ನಂಬಿ ತೋರಿಸಿದ ಕಾಗದವನ್ನು ಕದ್ದು ಸಾಗಿಸಿದರೆ ನಿಮಗೂ ತೊಂದರೆ, ಮುಂದಿನ ವರ್ಷ ಬರುವ ಹುಡುಗರಿಗೂ ಬಾಗಿಲು ಬಂದ್. ಇಂಟರ್ನ್‌ಶಿಪ್ ಮುಗಿಸಿ ಹೊರಬಂದ ಮೇಲೆ ಮಾಹಿತಿ ಹಕ್ಕಿನಡಿ ನಾಗರಿಕರಾಗಿ ಅದನ್ನೇ ಕೇಳಿ. ಯಾವ ಕಾಗದ ಯಾವ ಶಾಖೆಯಲ್ಲಿರುತ್ತದೆ ಎಂದು ತಿಳಿದವರ ಅರ್ಜಿ ಗುರಿ ತಪ್ಪುವುದು ಕಡಿಮೆ.

ಕರ್ನಾಟಕದ ನಿಯಮದಂತೆ ಶುಲ್ಕ 10 ರೂಪಾಯಿ, ಎ4 ಪ್ರತಿಗೆ ಪುಟಕ್ಕೆ 2 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ. ರಸ್ತೆ ಮತ್ತು ಕುಡಿಯುವ ನೀರು ಎರಡನ್ನೂ ಒಟ್ಟಿಗೆ ಕೇಳಿದರೆ ವಾಪಸ್ ಕಳಿಸಲು ನೀವೇ ಕಾರಣ ಕೊಟ್ಟಂತೆ. ‘ಕಾಮಗಾರಿ ಏಕೆ ಕಳಪೆಯಾಗಿದೆ?’ ಎಂದೂ ಕೇಳಬೇಡಿ. ದಾಖಲೆಯಲ್ಲಿರುವುದನ್ನಷ್ಟೇ ಅವರು ಕೊಡಬೇಕು, ಅಭಿಪ್ರಾಯವನ್ನಲ್ಲ. ‘ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿ ಬಿಲ್‌ಗಳ ದೃಢೀಕೃತ ಪ್ರತಿ’ ಎಂದು ಬರೆಯಿರಿ. ಅಳತೆ ಪುಸ್ತಕವೆಂದರೆ ಮಾಡಿದ ಕೆಲಸದ ಅಳತೆಯನ್ನು ಎಂಜಿನಿಯರ್ ಬರೆದಿಡುವ ಪುಸ್ತಕ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಅರ್ಜಿ ಕೊಟ್ಟ ಸ್ವೀಕೃತಿ ಕಳೆದುಕೊಂಡರೆ ಮೇಲ್ಮನವಿ ಹಂತದಲ್ಲಿ ಪರದಾಡುತ್ತೀರಿ.

ಪ್ರಶ್ನೆ: ನಮ್ಮೂರಿನ ಗ್ರಾಮಸಭೆಗೆ ಹೋದರೆ ಬರೀ ಮನೆ ಹಂಚಿಕೆಯ ಜಗಳ. ಕಲಿತವರು ಅಲ್ಲಿ ಏನು ಮಾಡಬಹುದು?
– ಪದವಿ ವಿದ್ಯಾರ್ಥಿ, ಹಾಸನ

ಉತ್ತರ: ಮನೆ ಇಲ್ಲದವರಿಗೆ ಅದು ಜಗಳವಲ್ಲ, ಬದುಕು, ಮೊದಲು ಅದನ್ನು ಕೂತು ಕೇಳಿ. ಲೆಕ್ಕ ಕೇಳುವುದಕ್ಕೆ ಮಾತ್ರ ಗ್ರಾಮಸಭೆಗಿಂತ ಜಮಾಬಂದಿ ಒಳ್ಳೆಯ ಜಾಗ. ವರ್ಷಕ್ಕೊಮ್ಮೆ, ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಗ್ರಾಮ ಪಂಚಾಯಿತಿಯ ಹಿಂದಿನ ವರ್ಷದ ಜಮಾ–ಖರ್ಚು ಮತ್ತು ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವ ಸಭೆ ಅದು. ದಿನಾಂಕವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಮುಂಚೆಯೇ ತಿಳಿದುಕೊಳ್ಳಿ. ಜನರಿಗೆ ಗೊತ್ತೇ ಆಗದಂತೆ ಮುಗಿಸಿಬಿಡುವ ಚಾಳಿ ಹಲವೆಡೆ ಇದೆ.

ಕೈಯಲ್ಲೊಂದು ಟೇಪು ಇರಲಿ. ಅಳತೆ ಪುಸ್ತಕದಲ್ಲಿ ಕಾಂಕ್ರೀಟ್ ರಸ್ತೆ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಎಂದಿದ್ದರೆ ಕಾಂಕ್ರೀಟು 45 ಘನ ಮೀಟರ್. ದಪ್ಪ 10 ಸೆಂ.ಮೀ. ಮಾತ್ರ ಇದ್ದರೆ 30 ಘನ ಮೀಟರ್. ಮೂರನೇ ಒಂದು ಭಾಗ ಕಾಂಕ್ರೀಟು ಬಿದ್ದೇ ಇಲ್ಲ. ಉದ್ದ ಅಗಲ ಸಾಮಾನ್ಯವಾಗಿ ಸರಿಯಿರುತ್ತದೆ, ಕಣ್ಣಿಗೆ ಕಾಣುತ್ತದಲ್ಲ, ಕಡಿಮೆಯಾಗುವುದು ದಪ್ಪವೇ. ಅಂಚಿನಲ್ಲಿ ಒಂದೇ ಕಡೆ ಅಳೆದು ತೀರ್ಮಾನಕ್ಕೆ ಬರಬೇಡಿ. ನೀರಿನ ಪೈಪಿಗೆಂದು ಅಗೆದ ಕಡೆ ರಸ್ತೆಯ ನಡುಮಧ್ಯದ ಪದರ ಕಾಣುತ್ತದೆ, ಅಲ್ಲಿ ಅಳೆಯಿರಿ. ವ್ಯತ್ಯಾಸ ಕಂಡರೆ ಕೂಗಾಡದೆ ಲಿಖಿತವಾಗಿ ಕೊಟ್ಟು, ಸಭೆಯ ನಡವಳಿ ಪುಸ್ತಕದಲ್ಲಿ ನಮೂದಿಸಲು ಒತ್ತಾಯಿಸಿ. ನಡವಳಿಯಲ್ಲಿ ಬರೆದದ್ದರ ನಕಲನ್ನು ನಾಳೆ ಯಾರು ಬೇಕಾದರೂ ಕೇಳಿ ಪಡೆಯಬಹುದು.