ಬಡಾವಣೆಯ ಚರಂಡಿ, ರಸ್ತೆ ಕೆಲಸವನ್ನು ಒಂದೇ ಸಲ ಮುಗಿಸದೆ ಹಂತ ಹಂತವಾಗಿ ಮಾಡುವುದೇಕೆ?

ದುಡ್ಡು ಒಟ್ಟಿಗೆ ಬರುವುದಿಲ್ಲ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನೀರು ಹರಿಯುವ ದಿಕ್ಕು.

ಬೆಂಗಳೂರನ್ನೇ ತೆಗೆದುಕೊಳ್ಳಿ. ಊರು ದಿಣ್ಣೆಯ ಮೇಲೆ ಕೂತಿದೆ. ಮಳೆನೀರು ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳ ಕಡೆ ಇಳಿಯುತ್ತದೆ. ಮೇಲಿನ ಬೀದಿಯ ಚರಂಡಿಯನ್ನು ಮೊದಲು ಅಗಲ ಮಾಡಿದರೆ ಆ ನೀರೆಲ್ಲ ಬೇಗ ಇಳಿದು ಕೆಳಗಿನವರ ಮನೆಗೆ ನುಗ್ಗುತ್ತದೆ, ಅಲ್ವಾ? ಹಾಗಾಗಿ ಮೊದಲು ರಾಜಕಾಲುವೆ (ಮಳೆನೀರು ಹರಿದುಹೋಗುವ ಮುಖ್ಯ ಕಾಲುವೆ), ಆಮೇಲೆ ಅದಕ್ಕೆ ಸೇರುವ ದೊಡ್ಡ ಚರಂಡಿ, ನಂತರ ಅಡ್ಡರಸ್ತೆಗಳದ್ದು. ಡಾಂಬರು ಕಟ್ಟಕಡೆಗೆ.

ಈ ಕ್ರಮ ತಪ್ಪಿದರೆ ಹೊಸ ರಸ್ತೆಯನ್ನು ಮತ್ತೆ ಅಗೆಯುತ್ತಾರೆ. ಅದು ನಮಗೆಲ್ಲ ಗೊತ್ತಿರುವ ಕಥೆ! ಇನ್ನೊಂದು ತೊಂದರೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಹಳೇ ಡಾಂಬರು ಕೆರೆದು ತೆಗೆಯದೆ ಪದರದ ಮೇಲೆ ಪದರ ಹಾಕುತ್ತಾ ಹೋದರೆ ರಸ್ತೆ ಎತ್ತರವಾಗುತ್ತದೆ, ಗೇಟಿನ ಒಳಗಿನ ಅಂಗಳ ತಗ್ಗಾಗುತ್ತದೆ. ಆಮೇಲೆ ಜೋರು ಮಳೆ ಬಂದರೆ ನೀರು ಚರಂಡಿ ಬಿಟ್ಟು ನಿಮ್ಮ ತುಳಸಿಕಟ್ಟೆ ಹತ್ತಿರ ನಿಲ್ಲುತ್ತದೆ.

ಬೆಂಗಳೂರಿನ ರಸ್ತೆಗಳನ್ನು ಹೊಸದಾಗಿ ಕಟ್ಟುವ ಟೆಂಡರ್ ಶ್ಯೂರ್ ಯೋಜನೆಯ ಮೊದಲ ಹಂತದಲ್ಲಿ ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ ಸೇರಿ 7 ರಸ್ತೆಗಳನ್ನು ಬೇರೆ ರೀತಿ ಮಾಡಿದರು. ಕೇಬಲ್, ಪೈಪುಗಳನ್ನು ಹೆಚ್ಚಾಗಿ ಫುಟ್‌ಪಾತ್ ಕೆಳಗೆ ಹಾಕಿ, ಅಲ್ಲಲ್ಲಿ ಚೇಂಬರ್ ಕಟ್ಟಿದರು. ರಿಪೇರಿಗೆ ಮುಚ್ಚಳ ತೆಗೆದರೆ ಸಾಕು, ಸುಮ್ನೆ ರಸ್ತೆ ಅಗೆಯಬೇಕಿಲ್ಲ. ಖರ್ಚು ಜಾಸ್ತಿ, ಕೆಲಸವೂ ನಿಧಾನ. ನನ್ನ ಪ್ರಕಾರ ಆದರೂ ಲಾಭವೇ.

ನಿಮ್ಮ ಬೀದಿಯಲ್ಲಿ ಕೆಲಸ ಶುರುವಾದರೆ ಇಂಜಿನಿಯರ್ ಹತ್ತಿರ ಒಂದೇ ಪ್ರಶ್ನೆ ಕೇಳಿ: ‘ಈ ಚರಂಡಿ ಎಲ್ಲಿಗೆ ಹೋಗಿ ಸೇರುತ್ತೆ ಸಾರ್?’